ಯಾರೋ ಇಳಿಯಬೇಕಂತೆ

ಹೆಂಡತಿ ಮನೆ ಬಿಟ್ಟು ಹೊರಟಾಗ ಗಂಡನಾದವನು ಅಳಬಹುದು, ಬೈಯಬಹುದು, ಬಾಗಿಲಿಗೆ ಅಡ್ಡ ನಿಲ್ಲಬಹುದು. ಅಮೆರಿಕದ ಮಾರಿಸ್‌ವಿಲ್‌ನ ಸೂರ್ಯನಾರಾಯಣ ಇದ್ಯಾವುದನ್ನೂ ಮಾಡಲಿಲ್ಲ. ಅಡಿಗೆಮನೆಯ ಮೇಜಿನ ಮುಂದೆ ಕುಳಿತು, ಸ್ಕ್ಯಾನರಿನ ಏರಿಯಲ್ ನೆಟ್ಟಗೆ ಮಾಡಿ, ಅವಳ ವಿಮಾನ ಯಾವಾಗ ತೊಲಗುತ್ತದೋ ಎಂದು ಕಿವಿಗೊಟ್ಟು ಕಾದ. ಎಂಥಾ ಮಹಾನುಭಾವ ನೋಡಿ!

ಸ್ಕ್ಯಾನರ್ ಎಂದರೆ ಅಂಗೈಯಲ್ಲಿ ಹಿಡಿಯುವ ಕಪ್ಪು ಡಬ್ಬ. ಪೈಲಟ್ಟುಗಳೂ ಅವರಿಗೆ ನೆಲದಿಂದ ಅಪ್ಪಣೆ ಕೊಡುವ ಟವರಿನವರೂ ಆಡುವ ಮಾತು ಅದರಲ್ಲಿ ಕೇಳುತ್ತದೆ. ನಾವು ತಿರುಗಿ ಮಾತಾಡುವಂತಿಲ್ಲ, ಕೇಳಬೇಕಷ್ಟೆ. ತೊಂಬತ್ತಾರರ ಆ ಕಾಲದಲ್ಲಿ ಅದು ಯಾವ ಮಾಲ್‌ಗೆ ಹೋದರೂ ಸಿಗುತ್ತಿತ್ತು, ಏರ್‌ಪೋರ್ಟ್ ಅಂತೂ ಮನೆಯ ಮಗ್ಗುಲಲ್ಲೇ ಇತ್ತು. ಮೈಸೂರಿನ ಈ ಸಾಫ್ಟ್‌ವೇರ್ ಇಂಜಿನಿಯರ್ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಡಬ್ಬ ಆನ್ ಮಾಡುತ್ತಿದ್ದ. ಆಮೇಲೆ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ಹೆಂಡತಿ ಕಾತ್ಯಾಯಿನಿ ಬಾಯಿ ತೆರೆದರೆ ಸಾಕು, ಕೈ ಎತ್ತಿ "ಶ್! ಒಂದ್ನಿಮಿಷ" ಎನ್ನುತ್ತಿದ್ದ. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿನ ಅನ್ನ ತಣ್ಣಗಾಗಿರುತ್ತಿತ್ತು.

ಅವಳ ತಂದೆ ತೀರಿಕೊಂಡ ಸುದ್ದಿ ಬಂದ ಸಂಜೆಯೂ ಹಾಗೇ ಆಯಿತು. ಫೋನ್ ಕೆಳಗಿಟ್ಟು "ರೀ, ಅಪ್ಪ..." ಎನ್ನುತ್ತಾ ಅವಳು ಓಡಿಬಂದರೆ ಈ ಪುಣ್ಯಾತ್ಮ ಕೈ ಎತ್ತಿದ. ಯಾವುದೋ ವಿಮಾನದ ಚಕ್ರ ಕೆಳಗಿಳಿಯುತ್ತಿಲ್ಲವಂತೆ. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು. ಕೊನೆಗೆ ಚಕ್ರ ಇಳಿದು ವಿಮಾನ ಸುಖವಾಗಿ ನೆಲ ಮುಟ್ಟಿತು. ಆ ಶುಭ ಸಮಾಚಾರವನ್ನು ಮೊದಲು ಅವಳಿಗೆ ಹೇಳಿ, ಆಮೇಲೆ ಯಾಕೆ ಅಳುತ್ತಿದ್ದೀಯ ಎಂದು ಕೇಳಿದ. ಅವತ್ತಿನಿಂದ ಅವಳು ಅವನ ಮುಂದೆ ಅತ್ತಿಲ್ಲ. ಸದ್ದಿಲ್ಲದೆ ಪರೀಕ್ಷೆ ಕಟ್ಟಿ, ಶಿಕಾಗೋದಲ್ಲಿ ತಂಗಿಯ ಮನೆಯ ಹತ್ತಿರ ಆಸ್ಪತ್ರೆಯ ಲ್ಯಾಬ್ ಒಂದರಲ್ಲಿ ಕೆಲಸ ಹಿಡಿದಳು.

ಹೊರಟ ದಿನ ಬೆಳಿಗ್ಗೆ ಬಾಗಿಲಲ್ಲೇ ಜಗಳ ಹತ್ತಿಕೊಂಡಿತು.

"ಯಾರನ್ನ ಕೇಳಿ ಅಪ್ಲೈ ಮಾಡ್ದೆ?" ಎಂದು ಅವನು ಗುಡುಗಿದ.

"ನಿಮ್ಮನ್ನೇ ಕೇಳ್ದೆ. ಕೇಳ್ದಾಗೆಲ್ಲ ಕೈ ಎತ್ತಿದ್ರಿ. ಆಶೀರ್ವಾದ ಮಾಡ್ತಿದೀರ ಅಂದ್ಕೊಂಡೆ."

ಅವಳನ್ನು ಏರ್‌ಪೋರ್ಟಿಗೆ ಬಿಡಲು ಬಂದಿದ್ದ ಪಕ್ಕದ ಮನೆಯ ಜಯಾ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದಳು. "ಕಾತ್ಯಾ, ಬಾ ಬಾ. ಗೋಡೆ ಜೊತೆ ಜಗಳ ಆಡ್ತಾ ಫ್ಲೈಟ್ ಮಿಸ್ ಮಾಡ್ಕೋಬೇಡ."

"ನೀವು ಮಧ್ಯ ಬಾಯಿ ಹಾಕ್ಬೇಡಿ. ಮನೆ ಮುರಿಯೋದು ನಿಮಗೆ ಚೆನ್ನಾಗಿ ಬರುತ್ತೆ."

"ಮುರಿಯೋಕೆ ಏನಾದ್ರೂ ಉಳಿದಿರ್ಬೇಕಲ್ಲ ಸ್ವಾಮಿ!"

ಸೂರ್ಯನಾರಾಯಣನ ಮೈಯೆಲ್ಲ ಉರಿದುಹೋಯಿತು. "ಹೋಗು. ನಿನ್ನ ಪೌರುಷ ಎಷ್ಟು ದಿನ ಅಂತ ನಾನೂ ನೋಡ್ತೀನಿ. ನೀನಾಗೇ ವಾಪಸ್ ಬರ್ತೀಯ" ಎಂದು ಬಾಗಿಲು ದಢಾರನೆ ಹಾಕಿದ.

ಅವನಿಗೆ ಬೇಕಾಗಿದ್ದದ್ದೂ ಅದೊಂದೇ. ಅವಳು ತಾನಾಗಿಯೇ ಹಿಂದಿರುಗಬೇಕು. ತಾನು ಕರೆಯಬಾರದು, ಬೇಡಬಾರದು. ಅವಳಿಲ್ಲದೆ ಆ ಮನೆಯಲ್ಲಿ ಒಂದು ರಾತ್ರಿ ಕಳೆಯುವುದನ್ನು ನೆನೆಸಿಕೊಂಡರೆ ಅವನ ಎದೆ ಝಲ್ಲೆನ್ನುತ್ತಿತ್ತು ಎಂಬುದು ನಿಜ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ನಾಲಿಗೆ ಕತ್ತರಿಸಿಕೊಂಡಾನು, ಅಂಥ ಜಂಬ.

ಡಬ್ಬದಲ್ಲಿ ಅವಳ ವಿಮಾನದ ನಂಬರು ಕೇಳಿಸಿತು. ಗೇಟು ಬಿಟ್ಟಿತು. ರನ್‌ವೇ ಕಡೆ ಹೊರಟಿತು. "ಹಾಳಾಗಿ ಹೋಗ್ಲಿ" ಎಂದು ಗೊಣಗಿದ. ಅಷ್ಟರಲ್ಲಿ ಪೈಲಟ್ಟಿನ ದನಿ ಮತ್ತೆ ಬಂತು. "ನಾವು ಗೇಟಿಗೆ ವಾಪಸ್ ಬರಬೇಕು. ಯಾರೋ ಪ್ಯಾಸೆಂಜರ್ ಇಳಿಯಬೇಕಂತೆ. ಸುತರಾಂ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದಾರೆ."

ಸೂರ್ಯನಾರಾಯಣ ಮೇಜು ಗುದ್ದಿ ಎದ್ದು ನಿಂತ. ಯಾರೋ ಅಂತೆ, ಯಾರೋ! ಅದು ಯಾರು ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಇಡೀ ವಿಮಾನದಲ್ಲಿ ಸುತರಾಂ ಒಪ್ಪದೆ ಹಟ ಹಿಡಿಯುವ ಜೀವ ಒಂದೇ, ಅದನ್ನು ಅವನು ಕಟ್ಟಿಕೊಂಡಿದ್ದ. ಅಕಸ್ಮಾತ್ ಬೇರೆ ಯಾರೋ ಆಗಿದ್ದರೂ ಚಿಂತೆಯಿರಲಿಲ್ಲ. ಹೊರಟ ವಿಮಾನ ಹಿಂದಕ್ಕೆ ತಿರುಗಿತ್ತಲ್ಲ, ಅದು ಸಾಕು. ಕಾತ್ಯಾಯಿನಿ ಒಂಟಿ ಸೀನು ಸೀನಿದರೆ ಕಾರಿನ ಕೀ ಕೆಳಗಿಟ್ಟು, ಕುಳಿತು, ನೀರು ಕುಡಿದು ಹೊರಡುವವಳು. ಅಟ್ಲಾಂಟಾದ ಮದುವೆಗೆ ಹೊರಟು, ಮರೆತ ಕ್ಯಾಮೆರಾಕ್ಕಾಗಿ ಅರ್ಧ ದಾರಿಯಿಂದ ಹಿಂದಿರುಗಿದ್ದು ಅಪಶಕುನವೆಂದು ಮದುವೆಗೇ ಹೋಗಿರಲಿಲ್ಲ. ಅದಕ್ಕಾಗಿ ಅವಳನ್ನು ಅವನು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಇವತ್ತು ಅದೇ ಮೂಢನಂಬಿಕೆಗೆ ಮನಸ್ಸಿನಲ್ಲೇ ದೊಡ್ಡ ನಮಸ್ಕಾರ ಹಾಕಿದ.

ಡಬ್ಬವನ್ನು ಜೇಬಿಗೆ ತುರುಕಿ ಕಾರು ಹೊಡೆದ. ದಾರಿಯುದ್ದಕ್ಕೂ ಷರತ್ತುಗಳನ್ನು ಜೋಡಿಸಿಕೊಂಡ. ಮೊದಲು ಅವಳು ಕ್ಷಮೆ ಕೇಳಬೇಕು. ಕೆಲಸ ಬೇಡವೆಂದು ತನ್ನೆದುರೇ ಫೋನ್ ಮಾಡಬೇಕು. ಆ ಜಯಾಳ ಮುಖ ನೋಡಕೂಡದು. ನೆನೆಸಿಕೊಂಡಷ್ಟೂ ಖುಷಿಯಾಗಿ ಸ್ಟೀರಿಂಗ್ ಮೇಲೆ ತಾಳ ಹಾಕಿದ.

ಆಗೆಲ್ಲ ಟಿಕೆಟ್ ಇಲ್ಲದವರೂ ಗೇಟಿನವರೆಗೆ ಹೋಗಬಹುದಿತ್ತು. ಅವನು ಏದುಸಿರು ಬಿಡುತ್ತಾ ತಲುಪಿದಾಗ ವಿಮಾನ ಬಂದು ನಿಂತಿತ್ತು, ಬಾಗಿಲು ತೆರೆದಿತ್ತು. ಒಳಗಿನಿಂದ ಟೋಪಿ ಹಾಕಿದ ಆಜಾನುಬಾಹು ಬಿಳಿಯನೊಬ್ಬ ಮುಖ ಬಿಳಿಚಿಕೊಂಡು, ಗೇಟಿನ ಹೆಂಗಸಿನ ತೋಳು ಹಿಡಿದು ಹೊರಬಂದ. ಅವನ ಹಿಂದೆ ಯಾರೂ ಇರಲಿಲ್ಲ.

"ಇಳಿಯಬೇಕು ಅಂದವರು ಇವರೊಬ್ಬರೇ" ಎಂದಳು ಗೇಟಿನವಳು. "ಮೊದಲ ಸಲವಂತೆ, ಹೆದರಿಬಿಟ್ಟಿದ್ದಾರೆ. ಇವರ ಲಗೇಜು ಇಳಿಸಿದ ಮೇಲೆ ವಿಮಾನ ಹೊರಡುತ್ತದೆ."

"ನನ್ನ ಹೆಂಡತಿ ಒಳಗಿದ್ದಾಳೆ. ಗಂಡ ಬಂದಿದ್ದಾನೆ ಅಂತ ಹೇಳಿ. ಅವಳೂ ಇಳಿಯುವವಳೇ."

ಗೇಟಿನವಳು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಅವನು ಕೈಕಟ್ಟಿ, ಮುಖ ಗಂಟುಹಾಕಿ ನಿಂತ. ಬೇಡಲು ಬಂದವನ ಹಾಗೆ ಕಾಣಬಾರದಲ್ಲ!

ಸ್ವಲ್ಪ ಹೊತ್ತಿಗೆ ಕಾತ್ಯಾಯಿನಿ ಬಂದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಬ್ಯಾಗ್ ಎಲ್ಲಿ?" ಎಂದ ಅವನು.

"ಸೀಟಲ್ಲಿದೆ. ಏನಾಯ್ತು, ಮನೆಗೆ ಬೆಂಕಿ ಬಿತ್ತಾ?"

"ನಾಟಕ ಆಡ್ಬೇಡ. ಹೊರಟಿದ್ದು ಹಿಂದಕ್ಕೆ ಬಂತು, ಅಪಶಕುನ. ನೀನು ಹೋಗಲ್ಲ, ನಂಗೊತ್ತು. ಬ್ಯಾಗ್ ತೊಗೊಂಡ್ ಬಾ. ನಾನು ಜಾಸ್ತಿ ಏನೂ ಅನ್ನಲ್ಲ. ತಪ್ಪಾಯ್ತು ಅಂತ ಹೇಳ್ಬಿಡು, ಆ ಕೆಲಸ ಬೇಡ ಅಂತ ಫೋನ್ ಮಾಡು, ಮುಗೀತು."

ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ ಅದು. "ಯಾರೋ ಇಳೀಬೇಕು ಅಂದಿದ್ದಕ್ಕೆ ನಾನೇ ಅಂದ್ಕೊಂಡು ಓಡಿ ಬಂದ್ರಾ?"

"ಮತ್ತಿನ್ಯಾರು?"

"ರೀ, ವಿಮಾನ ತಿರುಗಿದಾಗ ನಾನು ಹೆದರಿಬಿಟ್ಟೆ. ಯಾಕೆ ಗೊತ್ತಾ? ಎಲ್ಲರನ್ನೂ ಇಳಿಸಿಬಿಟ್ರೆ ಮತ್ತೆ ಆ ಮನೆಗೇ ಬರ್ಬೇಕಲ್ಲ ಅಂತ. ಬೆಲ್ಟ್ ಬಿಗಿ ಮಾಡ್ಕೊಂಡು, ಎಲ್ಲ ದೇವರಿಗೂ ಹರಕೆ ಹೊತ್ಕೊಂಡು ಕೂತಿದ್ದೆ. ಅಪಶಕುನ ಅಂದ್ರಲ್ಲ, ಅದು ಈಗ ನನ್ನ ಎದುರಿಗೇ ಬಂದು ನಿಂತಿದೆ."

ಸೂರ್ಯನಾರಾಯಣನಿಗೆ ದಾರಿಯಲ್ಲಿ ಜೋಡಿಸಿದ ಷರತ್ತು ಒಂದೂ ನೆನಪಿಗೆ ಬರಲಿಲ್ಲ. ಭಯವಾಯಿತು, ನಿಜವಾದ ಭಯ. ಜೇಬಿನಿಂದ ಡಬ್ಬ ಕಿತ್ತು ತೆಗೆದು, "ಇದನ್ನ ಎಸೀತೀನಿ ಕಾತ್ಯಾ. ಈಗ್ಲೇ. ಇಲ್ಲೇ, ಕಸದ ಬುಟ್ಟಿಗೆ" ಎಂದ.

"ಪಾಪ, ಅದೇನ್ ಮಾಡಿದೆ? ಅದಿಲ್ದಿದ್ರೆ ಟೀವಿ, ಟೀವಿ ಇಲ್ದಿದ್ರೆ ಪೇಪರ್. ನೀವು ಏನನ್ನಾದ್ರೂ ಕೇಳ್ತಾನೇ ಇರ್ತೀರ. ನನ್ನನ್ನ ಮಾತ್ರ ಕೇಳಲ್ಲ."

ಗೇಟಿನವಳು ಒಳಬರಲು ಸನ್ನೆ ಮಾಡಿದಳು. ಅವನು ಮೊಣಕೈ ಹಿಡಿಯಲು ಹೋದರೆ ಕಾತ್ಯಾಯಿನಿ ಸರಕ್ಕನೆ ಹಿಂದೆ ಸರಿದಳು. "ಹೋಗ್ಬೇಡ ಕಣೇ" ಎಂದ, ಕೊನೆಗೂ. ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಬಾಗಿಲು ಮುಚ್ಚಿತು.

ಅವನು ಗಾಜಿನ ಗೋಡೆಯ ಹತ್ತಿರ ಹೋಗಿ ನಿಂತ. ಸಾಲು ಕಿಟಕಿಗಳಲ್ಲಿ ಅವಳದ್ದು ಯಾವುದೆಂದು ತಿಳಿಯಲಿಲ್ಲ. ಬೇರೇನು ಮಾಡಬೇಕೆಂದು ತೋಚದೆ ಡಬ್ಬವನ್ನು ಕಿವಿಗೆ ಹಿಡಿದ.

"ಮತ್ತೆ ಯಾರಾದ್ರೂ ಇಳಿಯೋರು ಇದ್ದಾರೇನಪ್ಪ?" ಎಂದು ಟವರಿನವನು ತಮಾಷೆ ಮಾಡುತ್ತಿದ್ದ.

ಪೈಲಟ್ ನಕ್ಕ. "ಯಾರೂ ಇಲ್ಲ. ಬಾಗಿಲು ತೆರೆದೇ ಇತ್ತು, ಇಳಿಯೋರು ಇಳಿದ್ರು. ಉಳಿದೋರೆಲ್ಲ ಹೋಗ್ಲೇಬೇಕು ಅನ್ನೋರೇ."

ಸೂರ್ಯನಾರಾಯಣ ಅದನ್ನು ಒಂದಕ್ಷರವೂ ಬಿಡದೆ ಕೇಳಿಸಿಕೊಂಡ.