ಕರಡಿಗೆಯ ಕೆಳಗಿನ ಗಂಟು

ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬಸವಣ್ಣೆಮ್ಮ ಹೊಲಿಗೆ ಟೀಚರು. ಮನೆ ದಾವಣಗೆರೆಯಲ್ಲಿ. ಇಪ್ಪತ್ತಮೂರು ವರ್ಷದಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ನಾಲ್ಕೂವರೆಯ ಬಸ್ಸಿಗೆ ಬರುತ್ತ, ಆ ದಾರಿಯ ಗುಂಡಿಗಳೆಲ್ಲ ಅವಳ ಸೊಂಟಕ್ಕೆ ಪರಿಚಯವಾಗಿದ್ದವು. ಗಂಡ ಕೊಟ್ಟೂರೇಶಪ್ಪ ಕೆಲಸಕ್ಕಿದ್ದ ಹತ್ತಿ ಗಿರಣಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲೇ. ಹಾಗಾಗಿ ದಣಿವನ್ನು ಅವಳು ಭಾನುವಾರಕ್ಕೆಂದು ಎತ್ತಿಡುತ್ತಿದ್ದಳು. ಭಾನುವಾರ ಬಟ್ಟೆ ಒಗೆಯುವುದರಲ್ಲಿ ಮುಗಿದುಹೋಗುತ್ತಿತ್ತು.

ಐವತ್ತಕ್ಕೆ ಮುಟ್ಟು ನಿಂತಿತು. ಪೀಡೆ ಕಳೆಯಿತು ಎಂದುಕೊಂಡಳು. ಪೀಡೆ ಬೇರೆ ಬಾಗಿಲಿಂದ ಒಳಗೆ ಬಂತು. ಕೂತಲ್ಲಿ ನಿಂತಲ್ಲಿ ಝಳ ಎದ್ದು ಕತ್ತು ಕೆನ್ನೆಗೆ ಏರುವುದು, ಬೆವರಿಗೆ ರವಿಕೆ ಬೆನ್ನಿಗೆ ಅಂಟುವುದು, ಆಮೇಲೆ ಚಳಿ. ನಿದ್ದೆಯಂತೂ ಗುಬ್ಬಿ ನೀರು ಕುಡಿದಂತೆ, ಗುಟುಕು ಗುಟುಕು. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗುಂಡಿಯ ಕಾಜಾ ತಪ್ಪು ಹಾಕಿದಳೆಂದು ಬಸವಣ್ಣೆಮ್ಮ ಬಟ್ಟೆಯನ್ನೇ ಹರಿದು ಬಿಸಾಡಿಬಿಟ್ಟಳು. ಹುಡುಗಿ ಅಳಲಿಲ್ಲ. ಚೂರುಗಳನ್ನು ಆರಿಸಿ ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ಹಾಕ್ಲೇನ್ರೀ ಮಿಸ್?" ಎಂದು ಮೆಲ್ಲಗೆ ಕೇಳಿತು. ಅಂದು ಸಂಜೆಯೇ ಬಸವಣ್ಣೆಮ್ಮ ಶಾಲೆಯ ಹಿಂದಿನ ಬೀದಿಯ ಲೇಡಿ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಸಾವಧಾನದ ಹೆಂಗಸು. ಹಾರ್ಮೋನು ಗುಳಿಗೆ ಬರೆಯುವ ಮುಂಚೆ ಒಂದೊಂದೇ ಕೇಳಿದರು.

"ನಿಮ್ಮ ತಾಯಿಗೆ, ಅಕ್ಕ ತಂಗೀರಿಗೆ ಮೊಲೆಯ ಗಂಟು, ಕ್ಯಾನ್ಸರ್, ಏನಾದ್ರೂ ಆಗಿತ್ತಾ?"

"ಇಲ್ರಿ."

ಆ ಮಾತು ತಾನಾಗಿಯೇ ಬಂತು. ಮಾಯಕೊಂಡದ ತವರಿನಲ್ಲಿ ಅವ್ವನ ಎದೆಯ ಹುಣ್ಣಿಗೆ ಕಟ್ಟಿದ ಬಟ್ಟೆಗಳನ್ನು ಹಿತ್ತಲಲ್ಲಿ ಉಪ್ಪುನೀರಿಗೆ ಹಾಕಿ ಒಗೆದವಳು ಹದಿನಾರರ ಬಸವಣ್ಣೆಮ್ಮನೇ. ಆದರೆ ಮೂವರು ಹೆಣ್ಣುಮಕ್ಕಳಿದ್ದ ಮನೆ. ಗಂಡಿನವರ ಕಿವಿಗೆ ಬೀಳಬಾರದೆಂದು ಅಪ್ಪ ಊರಿಗೆಲ್ಲ ಹೊಟ್ಟೆನೋವೆಂದೇ ಹೇಳಿದ್ದ. ಮೂವರಿಗೂ ಮದುವೆಯಾಗಿ, ಮಕ್ಕಳಾಗಿ, ಅಪ್ಪನೂ ಹೋಗಿಯಾಗಿತ್ತು. ಆ "ಇಲ್ಲ" ಮಾತ್ರ ಬಾಯಲ್ಲಿ ಉಳಿದಿತ್ತು.

"ಆರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ಮಧ್ಯೆ ಕೈಗೇನಾದ್ರೂ ಸಿಕ್ರೆ ಗುಳಿಗೆ ನಿಲ್ಸಿ ಅವತ್ತೇ ಬನ್ನಿ" ಎಂದರು ಡಾಕ್ಟರು. ಬಸವಣ್ಣೆಮ್ಮ ತಲೆಯಾಡಿಸಿದಳು.

ಮೂರು ವಾರಕ್ಕೆ ನಿದ್ದೆ ಬಂತು. ತವರಿನಿಂದ ಯಾರೋ ಬಂದ ಹಾಗೆ ಬಂತು. ಬೆಳಿಗ್ಗೆ ಎದ್ದರೆ ಮುಖ ತನ್ನದೇ ಅನ್ನಿಸುತ್ತಿತ್ತು. ಕೊಟ್ಟೂರೇಶಪ್ಪ ಒಂದು ದಿನ ಚಹಾ ಕುಡಿಯುತ್ತ, "ಮನ್ಯಾಗ ಯಾರೋ ಹಾಡಿದಂಗಾತು. ರೇಡಿಯೋ ನೋಡಿದ್ರ ಬಂದ್ ಐತೆ" ಎಂದ. ಹಾಡಿದವಳು ತಾನೇ ಎಂದು ಅವಳು ಹೇಳಲಿಲ್ಲ.

ಐದನೇ ತಿಂಗಳಲ್ಲಿ ಮೈ ಒರೆಸಿಕೊಳ್ಳುವಾಗ ಎಡಗಡೆ ಗಂಟು ಸಿಕ್ಕಿತು. ಶೇಂಗಾ ಕಾಳಿನಷ್ಟು. ಮಡಿಕೆಯಲ್ಲಿ ಬಿದ್ದ ಸೂಜಿಯನ್ನೂ ಹುಡುಕುವ ಬೆರಳುಗಳು ಅವಳವು, ತಪ್ಪಿಹೋಗುವ ಮಾತಿಲ್ಲ. ಅದು ಸರಿಯಾಗಿ ಕರಡಿಗೆ ಕೂರುವ ಜಾಗ. ಚಿಕ್ಕಂದಿನಲ್ಲಿ ದೀಕ್ಷೆಯಾದಾಗಿನಿಂದ ಇಷ್ಟಲಿಂಗವಿದ್ದ ಆ ಬೆಳ್ಳಿ ಕರಡಿಗೆ ಶಿವದಾರದಲ್ಲಿ ಅವಳ ಎದೆಯ ಮೇಲೇ ಇತ್ತು, ಮಲಗುವಾಗಲೂ ತೆಗೆದದ್ದಿಲ್ಲ. ಎಡಮಗ್ಗುಲಾದರೆ ಒತ್ತುತ್ತಿತ್ತು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಗಟ್ಟಿಯಾಗಿಲ್ಲವೇ, ಹಾಗೆ ಇದೂ, ಎಂದುಕೊಂಡಳು. ಶಿವದಾರವನ್ನು ನಾಲ್ಕು ಬೆರಳು ಉದ್ದ ಮಾಡಿಕೊಂಡಳು. ರವಿಕೆಗಳ ಒಳಗೆ ಮೆತ್ತನೆಯ ಮಲ್ ಬಟ್ಟೆಯ ಎರಡು ಪದರದ ಪಟ್ಟಿ ಹೊಲಿದುಕೊಳ್ಳಲು ಶುರುಮಾಡಿದಳು. ಆರು ತಿಂಗಳು ತುಂಬಿದಾಗ ಡಾಕ್ಟರ ಬೀದಿಗೆ ಹೋಗದೆ, ದಾವಣಗೆರೆಯ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಹೊಸದು ತಂದಳು. ಅಂಗಡಿಯವ ಏನೂ ಕೇಳಲಿಲ್ಲ.

ಕೇಳಿದವಳು ಪುಷ್ಪಲತಾ. ಡ್ರಿಲ್ ಟೀಚರು, ಬಸವಣ್ಣೆಮ್ಮನಿಗಿಂತ ಎಂಟು ವರ್ಷ ಸಣ್ಣವಳು, ಬಸ್ಸಿನಲ್ಲಿ ಪಕ್ಕದ ಸೀಟು. ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದ ಮಧ್ಯಾಹ್ನ, ಹೊಲಿಯುತ್ತಿದ್ದ ರವಿಕೆಯನ್ನು ಎಳೆದು ನೋಡಿದಳು.

"ಅಕ್ಕಾರೆ, ಇದೇನು ರವಿಕೆಗೆ ಹಾಸಿಗೆ ಹಾಕ್ತೀರಿ?"

"ಕರಡಿಗೆ ಒತ್ತತೈತೆ. ಒತ್ತಿ ಒತ್ತಿ ಗಂಟಾಗೇತಿ."

"ನಾ ತಾಳಿ ಕಟ್ಟಿಸ್ಕೊಂಡು ಇಪ್ಪತ್ತೊರ್ಷ ಆತು. ಅದೂ ಒತ್ತತೈತೆ. ಎದೀಗೆ ಗಂಟಾಗಿಲ್ಲ, ಹುಬ್ಬಿಗೆ ಆಗೇತಿ" ಎಂದು ನಕ್ಕಳು. ಬಸವಣ್ಣೆಮ್ಮ ನಗಲಿಲ್ಲ. ಪುಷ್ಪಲತಾ ರವಿಕೆಯನ್ನು ಮೇಜಿನ ಮೇಲಿಟ್ಟಳು. "ಎಷ್ಟು ದಿನಾತು?"

"ನಾಕು ತಿಂಗಳು."

"ತೋರಿಸಿದ್ರಿ?"

"ತೋರಿಸಿದ್ರ ಗುಳಿಗಿ ನಿಲ್ಲಿಸ್ತಾರ, ಪುಷ್ಪಾ." ಬಸವಣ್ಣೆಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಎರಡು ವರ್ಷ ನಿದ್ದಿ ಇಲ್ದೆ ಹೆಂಗಿದ್ದೆ, ನೀ ನೋಡೀಯಲ್ಲ. ಮತ್ತ ಅದಕ್ಕ ಹೋಗಾಕೆ ನನ್ನ ಕೈಲಾಗಲ್ಲ."

ಪುಷ್ಪಲತಾ ಬುದ್ಧಿ ಹೇಳಲಿಲ್ಲ. "ಇವತ್ತು ನಾಕೂವರೆ ಬಸ್ ಬಿಡಾಣ. ಐದೂವರೆಗೂ ಒಂದೈತೆ. ನಾ ಜೊತಿಗಿರ್ತೀನಿ, ಬರ್ರಿ."

ಡಾಕ್ಟರ ಪರೀಕ್ಷೆಯ ಕೋಣೆಯಲ್ಲಿ ಶಿವದಾರ ತೆಗೆಯಬೇಕೆಂದಾಗ ಬಸವಣ್ಣೆಮ್ಮನ ಕೈ ಅಲ್ಲೇ ನಿಂತಿತು. ಡಾಕ್ಟರು ಕೈ ತೊಳೆಯುತ್ತಿದ್ದರು. ಆಯಾ ಗಿರಿಯಮ್ಮ ನೋಡಿದಳು. ತಲೆ ನರೆತ, ಕಡಿಮೆ ಮಾತಿನ ಹೆಂಗಸು.

"ತೆಗೀಬ್ಯಾಡ್ರಿ ತಾಯಿ. ಪೂಜಿಗೆ ಹಿಡಿದಂಗ ಎಡಗೈಯಾಗ ಹಿಡ್ಕಂಡು ಮಲಗ್ರಿ, ಕೈ ತಲಿ ಮ್ಯಾಲಕ್ಕೆ ಇಟ್ಕಳ್ರಿ. ಡಾಕ್ಟರಿಗೂ ಹಂಗೇ ಬೇಕು." ಒಗೆದ ಟವೆಲೊಂದನ್ನು ತಂದು ತಾನು ಕರಡಿಗೆಯನ್ನು ಸೋಕದಂತೆ ಅವಳ ಅಂಗೈ ಕೆಳಗೆ ಮಡಿಸಿ ಇಟ್ಟಳು.

ಡಾಕ್ಟರ ಬೆರಳು ಗಂಟಿನ ಸುತ್ತ ನಿಧಾನ ಓಡಾಡಿತು. ಬಸವಣ್ಣೆಮ್ಮ ಕರಡಿಗೆಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಆ ಮಾತು ತನಗೇ ಸಣ್ಣದಾಗಿ ಕೇಳಿಸಿತು.

"ಒತ್ತಿದ್ರೆ ಮೇಲಿನ ಚರ್ಮ ಗಟ್ಟಿ ಆಗಬಹುದು. ಇದು ಒಳಗಿದೆ" ಎಂದರು ಡಾಕ್ಟರು. ಬಯ್ಯಲಿಲ್ಲ. "ಹೆದರೋದು ಆಮೇಲೆ ನೋಡೋಣ. ದಾವಣಗೆರೆ ದೊಡ್ಡಾಸ್ಪತ್ರೆಗೆ ಚೀಟಿ ಕೊಡ್ತೀನಿ, ಸೂಜಿ ಪರೀಕ್ಷೆ ಮಾಡಿಸಿ. ಗುಳಿಗೆ ಇವತ್ತಿಂದಲೇ ಬೇಡ."

ಗಂಡನಿಗೆ ಅಂದು ಸಂಜೆ ಹೇಳಿದಳು. ಕೊಟ್ಟೂರೇಶಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ.

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಹೌದು" ಎಂದ. ಕನ್ನಡಕ ಹಾಕಿಕೊಂಡು ಮತ್ತೆ, "ಹೌದು" ಎಂದ.

ದೊಡ್ಡಾಸ್ಪತ್ರೆಗೆ ಅವನೇ ಜೊತೆಗೆ ಬಂದ. ಹೆಂಗಸರ ಸಾಲಿನ ಪಕ್ಕ, ಗಂಡಸರು ನಿಲ್ಲಬಾರದ ಜಾಗದಲ್ಲಿ ನಿಂತು ಎರಡು ಸಲ ಬೈಸಿಕೊಂಡ. ಎರಡು ಸಲವೂ ನಾಲ್ಕು ಹೆಜ್ಜೆ ದೂರ ಹೋಗಿ ಮತ್ತೆ ಬಂದು ನಿಂತ. ಸೂಜಿ ಹಾಕಿದಾಗ ಗಂಟಿನಿಂದ ಹಳದಿ ನೀರು ಬಂತು. ಫಲಿತಾಂಶಕ್ಕೆ ಒಂದು ವಾರ ಅಂದರು.

ಆ ವಾರ ಝಳ ಮೊದಲಿಗಿಂತ ಜೋರಾಗಿ ತಿರುಗಿ ಬಂತು. ನಿದ್ದೆ ಹೋಯಿತು. ಕಪ್ಪು ಹಲಗೆಯ ಮೇಲೆ ತೋಳಿನ ಅಳತೆ ಬರೆಯುತ್ತ ಅರ್ಧಕ್ಕೇ ಮರೆತು ನಿಂತಳು. ಹುಡುಗಿಯರು ಕಾದರು. ಅವ್ವನ ಬಟ್ಟೆಗಳ ವಾಸನೆ ಮೂವತ್ತಾರು ವರ್ಷದ ಆಚೆಯಿಂದ ಬಂದು ಮೂಗಿಗೆ ಕೂತಿತು. ಸಾಯುವುದಕ್ಕಿಂತ ಅಂಥ ಬಟ್ಟೆಗಳನ್ನು ಇನ್ನಾರೋ ಒಗೆಯಬೇಕಲ್ಲ ಎಂಬುದು ಅವಳನ್ನು ಹೆಚ್ಚು ಸುಸ್ತು ಮಾಡಿತು.

ವರದಿ ಬಂದ ದಿನ ಮತ್ತೆ ಪುಷ್ಪಲತಾ ಜೊತೆ ಡಾಕ್ಟರ ಹತ್ತಿರ ಹೋದಳು. ಪುಷ್ಪಲತಾ ಹೊರಗೆ ಕೂತಳು. ಡಾಕ್ಟರು ಎರಡು ಸಲ ಓದಿ ಕಾಗದ ಮಡಿಸಿದರು.

"ಕೆಟ್ಟದ್ದೇನೂ ಇಲ್ಲ. ನೀರಿನ ಗಂಟು. ಇಳಿದೂ ಹೋಗಿದೆ."

ಬಸವಣ್ಣೆಮ್ಮನಿಗೆ ಏನೂ ಅನ್ನಿಸಲಿಲ್ಲ.

"ನಿದ್ದೆ ಹೇಗಿದೆ?"

"ಇಲ್ರಿ."

"ಕಣ್ಣು ನೋಡಿದ್ರೇ ಗೊತ್ತಾಗುತ್ತೆ." ಡಾಕ್ಟರು ಚೀಟಿ ಎಳೆದುಕೊಂಡರು. "ಮನೆಯಲ್ಲಿ ಯಾರಿಗೂ ಆ ಕಾಯಿಲೆ ಇಲ್ಲ ಅಂದಿದ್ರಿ. ಕಡಿಮೆ ಪ್ರಮಾಣದಲ್ಲಿ, ಒಂದು ವರ್ಷದ ಮಟ್ಟಿಗೆ ಮತ್ತೆ ಕೊಡಬಹುದು. ತಪ್ಪದೆ ಬಂದು ತೋರಿಸ್ಬೇಕು ಅಷ್ಟೇ."

ಪೆನ್ನು ಕಾಗದಕ್ಕೆ ತಾಗಿತು. ಸುಮ್ಮನಿದ್ದರೆ ಸಾಕಿತ್ತು. ಇನ್ನು ಹತ್ತೋ ಹದಿನೈದೋ ದಿನಕ್ಕೆ ನಿದ್ದೆ ಬರುತ್ತಿತ್ತು. ತಲೆ ದಿಂಬಿಗೆ ಮುಟ್ಟಿದ್ದೇ ತಡ, ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುವ ಆ ನಿದ್ದೆ. ಬಸವಣ್ಣೆಮ್ಮ ಅದನ್ನು ಒಂದು ಗಳಿಗೆ ಕಣ್ಣಾರೆ ನೋಡಿದಳು.

"ನಮ್ಮವ್ವಗ ಆಗಿತ್ರಿ" ಎಂದಳು.

ಪೆನ್ನು ನಿಂತಿತು.

"ಮೊಲೀದು. ಹುಣ್ಣಾಗಿತ್ತು. ನಲವತ್ತಾರಕ್ಕ ಹೋದ್ಲು. ಸುಳ್ಳು ಹೇಳಿದ್ದೆ. ಹೇಳಬೇಕು ಅಂತ ಹೇಳಿದ್ದಲ್ರಿ, ನಮ್ಮನ್ಯಾಗ ಹಂಗೇ ಹೇಳಿ ರೂಢಿ."

ಡಾಕ್ಟರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಯಾರಿಗೂ ಹೇಳಿಲ್ವಾ?"

"ನಮ್ಮ ಯಜಮಾನರಿಗೂ ಇಲ್ಲ."

"ಇಂಥ ಮನೆಯಿಂದ ಬಂದೋರಿಗೆ ಈ ಗುಳಿಗೆ ಕೊಡೋಕೆ ನನಗೆ ಧೈರ್ಯ ಇಲ್ಲ" ಎಂದರು ಡಾಕ್ಟರು ಮೆತ್ತಗೆ. "ತಗೊಂಡ್ರೆ ಬರುತ್ತೆ ಅಂತಲ್ಲ. ತಗೊಳ್ದಿದ್ರೆ ಬರಲ್ಲ ಅಂತಲೂ ಅಲ್ಲ. ಆದ್ರೆ ಅನುಭವಿಸ್ತಾ ಇರೋದು ನೀವು. ತಡೆಯೋಕೇ ಆಗಲ್ಲ ಅಂದ್ರೆ, ಎಲ್ಲ ತಿಳಿದು, ಮೂರು ತಿಂಗಳು ನೋಡೋಣ. ನೀವೇ ಹೇಳ್ಬೇಕು."

ನಿನಗೇನು ಬೇಕೆಂದು ಅವಳ ಜೀವಮಾನದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಕೇಳುವ ಹೊತ್ತಿಗೆ ಉತ್ತರ ಹುಡುಕುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಆದರೂ ಉತ್ತರ ಬಂತು.

"ಬ್ಯಾಡ್ರಿ. ನಾಕು ತಿಂಗಳು ಗಂಟು ಮುಚ್ಚಿಟ್ಕಂಡು ನಿದ್ದಿ ಮಾಡಿದೆ. ಮತ್ತ ಅಂಥ ನಿದ್ದಿ ಬ್ಯಾಡ. ತೋರಿಸಾಕೆ ಮಾತ್ರ ಬರ್ತೀನಿ."

"ಅಕ್ಕ ತಂಗೀರಿದ್ರೆ ಅವರಿಗೂ ಹೇಳಿ. ಅವರೂ ತೋರಿಸಿಕೊಳ್ಳಲಿ."

"ಇಬ್ರು ಅದಾರ. ಹೇಳ್ತೀನ್ರಿ."

ಗಿರಿಯಮ್ಮ ಬಾಗಿಲವರೆಗೆ ಬಂದಳು. "ಬೆಳಿಗ್ಗೆ ಬಿಸಿ ಚಾ ಬಿಡ್ರಿ, ತಾಯಿ. ಝಳ ಒಂದೀಟು ಕಡಿಮಿ ಆಕ್ಕತಿ. ಪೂರಾ ಆಗಲ್ಲ. ನನಗ ಆರು ವರ್ಷ ಹಿಡೀತು" ಎಂದಳು. ಆರು ವರ್ಷ ಎಂಬುದನ್ನು ಮುಚ್ಚಿಡದೆ ಹೇಳಿದ್ದು ಬಸವಣ್ಣೆಮ್ಮನಿಗೆ ಹಿತವಾಯಿತು.

ಐದೂವರೆ ಬಸ್ಸಿನಲ್ಲಿ ಜನ ಕಡಿಮೆ. ನಡೆದದ್ದನ್ನೆಲ್ಲ ಪುಷ್ಪಲತಾಗೆ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹರಿಹರ ದಾಟಿತ್ತು. ಆಗಲೇ ಝಳ ಎದ್ದಿತು. ಅವಳ ಮುಖ ಕೆಂಪಾದದ್ದು ಕಂಡು ಪುಷ್ಪಲತಾ ಎದ್ದು, ತುಕ್ಕು ಹಿಡಿದು ಕೂತಿದ್ದ ಕಿಟಕಿಯ ಗಾಜನ್ನು ಅಂಗೈಯಲ್ಲಿ ಗುದ್ದಿ ಗುದ್ದಿ ಸರಿಸಿದಳು. ಕಂಡಕ್ಟರು ತಿರುಗಿ ನೋಡಿದ.

"ಅಕ್ಕಾರೆ, ನಾಳಿಂದ ಬೆಳಗಿನ ಪ್ರಾರ್ಥನೆಗೆ ನಿಮ್ಮ ಬದಲಿ ನಾ ನಿಲ್ತೀನಿ. ನೀವು ಒಂಬತ್ತರ ಬಸ್ಸಿಗೆ ಬರ್ರಿ. ಒಂದು ತಾಸು ಹೆಚ್ಚಿಗಿ ಅಡ್ಡಾದ್ರ ಆತು."

"ಹೆಡ್ ಮಿಸ್ಸು ಒಪ್ಪಬೇಕಲ್ಲ."

"ಒಪ್ತಾರ ಬಿಡ್ರಿ. ಅವರಿಗೂ ಐವತ್ತು ದಾಟೈತೆ. ಮೊನ್ನೆ ಮೀಟಿಂಗಿನಾಗ ಹಾಜರಿ ಪುಸ್ತಕ ಹಿಡ್ದು ಗಾಳಿ ಹಾಕ್ಕಂತಿದ್ರು, ನೋಡಲಿಲ್ಲ?"

ಬಸವಣ್ಣೆಮ್ಮ ನೋಡಿರಲಿಲ್ಲ. ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು. ನಿದ್ದೆ ಬರಲಿಲ್ಲ. ದಾವಣಗೆರೆ ಬರುವವರೆಗೆ ಹಾಗೇ ಕೂತು, ಗಂಡನಿಗೆ ಅವ್ವನ ವಿಷಯವನ್ನು ಯಾವ ಮಾತಿನಿಂದ ಶುರುಮಾಡುವುದೆಂದು ಯೋಚಿಸಿದಳು.