ಆಲ್ಬಾದ ತಳದ ಕಲ್ಲುಗಳು

ಸಾವಿನ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಮನೆಗೆ ಯಾರೂ ಬರಲಿಲ್ಲ. ಬೆಂಚುಗಳು ಚರ್ಚಿಗೆ, ದೊಡ್ಡ ಪಾತ್ರೆಗಳು ಅವರವರ ಮನೆಗೆ ಹಿಂದಿನ ಸಂಜೆಯೇ ಹೋಗಿದ್ದವು. ಒಲೆ ಹೊತ್ತಿಸಿದೆ. ಗಾಳಿಗೆ ಬಾಗಿಲು ಬಡಿಯುತ್ತಿತ್ತು. ಎಂದಿನಂತೆ ಅಲ್ಲೇ ಇಟ್ಟಿದ್ದ ಕಲ್ಲನ್ನು ಕಾಲಿನಿಂದ ಅದಕ್ಕೆ ಒತ್ತಿ ತಳ್ಳಿದೆ. ಮಾಟೆ ಕಷಾಯಕ್ಕೆ ನೀರಿಟ್ಟೆ. ಕಾದ ಮೇಲೆ ನೋಡಿದರೆ ಇಬ್ಬರಿಗಾಗುವಷ್ಟಿತ್ತು. ಮಿಕ್ಕಿದ್ದರಲ್ಲಿ ಪಾತ್ರೆ ತೊಳೆದೆ.

ನನ್ನ ಗಂಡ ಎಲಾಡಿಯೊ ಸತ್ತದ್ದು ನೆಲದ ಮೇಲೆ. ದೋಣಿಗೆ ಬಣ್ಣ ತರಲು ಕಾಸ್ತ್ರೋ ಪಟ್ಟಣಕ್ಕೆ ಹೋಗಿದ್ದ. ಬರುವಾಗ ಬಸ್ಸು ತಿರುವಿನಲ್ಲಿ ಉರುಳಿತು. ನಮ್ಮ ದ್ವೀಪದಲ್ಲಿ ಹಾಯಿದೋಣಿಯವನು ಸತ್ತನೆಂದರೆ ಯಾವ ಗಾಳಿ, ಎಲ್ಲಿಯ ಸೆಳೆತ ಎಂದು ಕೇಳುತ್ತಾರೆ. ‘ಬಸ್ಸು’ ಎಂದರೆ ಮುಂದೆ ಕೇಳಲು ಅವರಿಗೆ ಏನೂ ಉಳಿಯುತ್ತಿರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಅವನ ದೋಣಿ ಆಲ್ಬಾ ಕಾಣುತ್ತದೆ. ಇಳಿತದಲ್ಲಿ ಸಮುದ್ರ ಬಹುದೂರ ಹಿಂದೆ ಸರಿದು, ದೋಣಿ ಕೆಸರಿನ ಮೇಲೆ ಪಕ್ಕಕ್ಕೆ ವಾಲಿ ಮಲಗುತ್ತದೆ. ಉಬ್ಬರ ಬಂದಾಗ ನೀರು ಅದರ ಹೊಟ್ಟೆಯ ಕೆಳಗೆ ನುಗ್ಗಿ, ಯಾರೋ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಂತೆ, ಮೆಲ್ಲಗೆ ನೆಟ್ಟಗೆ ನಿಲ್ಲಿಸುತ್ತದೆ. ದಿನಕ್ಕೆ ಎರಡು ಸಲ. ನಾನು ಅದನ್ನು ನೋಡುತ್ತಿದ್ದೆ. ಅದೊಂದು ನಡೆಯುತ್ತಿರಲಿ ಎಂಬುದು ಬಿಟ್ಟರೆ ನನಗೆ ಬೇರೇನೂ ಬೇಕೆನಿಸುತ್ತಿರಲಿಲ್ಲ.

ಮಧ್ಯಾಹ್ನ ಅವನ ಅಕ್ಕ ಕ್ಲೊರಿಂದಾ ಆಲೂಗಡ್ಡೆ ರೊಟ್ಟಿ ಕಟ್ಟಿಕೊಂಡು ಬಂದಳು.

“ಸಾವಿಗೆ ಅಂತ ಕನ್ನಡಿಗೆ ಹೊದಿಸಿದ ಬಟ್ಟೆ ಇನ್ನೂ ತೆಗ್ದಿಲ್ಲ ಅಂತ ಬಾಗಿಲಲ್ಲೇ ಗೊತ್ತಾಯ್ತು. ತಲೆ ನೋಡು, ಕೋಳಿ ಗೂಡು ಕಟ್ಟಿದ ಹಾಗಿದೆ. ತಿನ್ನು.”

“ಹಸಿವಿಲ್ಲ ಅತ್ತಿಗೆ.”

“ಹಸಿವಿದೆಯಾ ಅಂತ ಕೇಳಿದ್ನಾ? ತಿನ್ನು ಅಂದೆ.” ಅವಳು ಕಿಟಕಿಯತ್ತ ನೋಡಿದಳು. “ವಾಲ್ದಿವಿಯಾಕ್ಕೆ ಹೋಗಿ ಅಷ್ಟು ವರ್ಷ ಓದಿ ಬಂದೋಳು ನೀನು. ಇಸ್ಕೂಲಲ್ಲಿ ಪಾಠ ಹೇಳೋಳು. ದೋಣಿ ಇಟ್ಕೊಂಡು ಏನ್ ಮಾಡ್ತೀಯ? ಮಾರ್ಬಿಡು.”

“ಅದು ಅಲ್ಲೇ ಇರ್ಲಿ.”

“ಯಾರಿಗೆ ಅಂತ?”

ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.

ಮುಂದಿನ ದಿನಗಳಲ್ಲಿ ದೋನ್ ಬಲ್ದೊಮೆರೊ ಬರತೊಡಗಿದರು. ಕೊಲ್ಲಿಯಲ್ಲಿ ಉಳಿದ ಇನ್ನೊಂದೇ ಹಾಯಿದೋಣಿಯ ಮುದುಕ ಅವರು. ಮಿಕ್ಕವರೆಲ್ಲ ಮೋಟಾರಿಗೆ ತಿರುಗಿದ್ದಾರೆ. ಅವರ ದೋಣಿಯ ಹೆಸರು ಹಟಮಾರಿ ಎಂದರ್ಥ ಬರುವ ಪೊರ್ಫಿಯಾದಾ. ಬಂದು ಒಲೆಯ ಪಕ್ಕ ಕೂರುವರು, ಮಾಟೆ ಹೀರುವರು, ಹವೆಯ ಮಾತು ಆಡುವರು.

“ದಕ್ಷಿಣದ ಗಾಳಿ ಹಿಡ್ಕೊಂಡಿದೆ ಮಗಳೇ. ಆಕಾಶ ನೋಡಿದ್ಯಾ, ತೊಳೆದಿಟ್ಟ ಹಾಗಿದೆ.”

“ಬೆಟ್ಟದ ಕಡೆ ಕಟ್ಟಿಗೆ ತರೋಕೆ ಹೊರಡ್ಲಿಲ್ವಾ?”

“ಹೊರಡ್ಬೇಕು. ಕಡಿದದ್ದು ಅಲ್ಲಿ ಆಚೆ ದಡದಲ್ಲಿ ಬಿದ್ದಿದೆ. ಕಾಸ್ತ್ರೋದ ಬೇಕರಿಯವನು ಹೇಳಿ ಕಳಿಸಿದಾನೆ, ಈ ಗಾಳೀಲಿ ತಂದ್ರೆ ನಿನ್ನ ಹತ್ರ ಕೊಳ್ತೀನಿ, ಇಲ್ದಿದ್ರೆ ಮೋಟಾರಿನವ್ರ ಹತ್ರ ಅಂತ. ಅವನಿಗೂ ಒಲೆ ಉರೀಬೇಕಲ್ಲ.” ಅವರು ಕಿಟಕಿಯಾಚೆ ಆಲ್ಬಾವನ್ನು ನೋಡಿದರು. “ನೋಡೋಣ.”

ಮರುದಿನವೂ ‘ನೋಡೋಣ’. ಅದರ ಮರುದಿನ ಅವರು ಮತ್ತೆ ಕಿಟಕಿಯತ್ತ ತಿರುಗಿದಾಗ ನಾನೇ ಹೇಳಿದೆ.

“ಆಲ್ಬಾ ಮಾರೋದಿಲ್ಲ, ದೋನ್ ಬಲ್ದೊಮೆರೊ.”

ಅವರು ಮಾಟೆ ಕುಡಿಯುವ ಸೋರೆಬುರುಡೆಯನ್ನು ಮೊಣಕಾಲ ಮೇಲೆ ಇಳಿಸಿದರು. “ನಂಗ್ಯಾಕಮ್ಮ ಇನ್ನೊಂದು? ಇರೋ ಮುದುಕೀನೇ ಹೇಳಿದ ಮಾತು ಕೇಳಲ್ಲ.”

“ಯಾವ ಮುದುಕಿ?”

“ನೀರಲ್ಲಿರೋಳು. ಮನೇಲಿರೋಳು ಕೇಳ್ತಾಳೆ, ಆದ್ರೆ ಕೇಳಿಸ್ಕೊಂಡು ಬಯ್ತಾಳೆ.”

ನನಗೆ ನಗು ಬರಲಿಲ್ಲ. ಅವರೂ ಕಾಯಲಿಲ್ಲ. ಟೋಪಿ ಹಾಕಿಕೊಂಡರು. ಬಾಗಿಲ ಬಳಿಯ ಕಲ್ಲನ್ನು ಒಮ್ಮೆ ನೋಡಿ, ಅದನ್ನು ಸುತ್ತಿಕೊಂಡು ಹೊರಗೆ ಹೋದರು.

ಅವರು ಹೋದ ದಾರಿಯನ್ನೇ ನೋಡುತ್ತ ದಡಕ್ಕೆ ಇಳಿದೆ. ಉಬ್ಬರ ತುಂಬಿತ್ತು. ಪೊರ್ಫಿಯಾದಾ ಲಂಗರಿನಲ್ಲಿ ಬಾತುಕೋಳಿ ಮರಿಯಂತೆ ಎತ್ತರಕ್ಕೆ ತೇಲುತ್ತಿತ್ತು. ಸದಾ ನೀರೊಳಗೇ ಇರಬೇಕಾದ ಡಾಂಬರು ಬಳಿದ ಭಾಗವೆಲ್ಲ ಹೊರಗೆ ಕಾಣುತ್ತಿತ್ತು. ಸಣ್ಣ ಗಾಳಿಗೂ ಅದು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿ ಒದ್ದಾಡುತ್ತಿತ್ತು.

ಮದುವೆಯಾದ ಹೊಸತರಲ್ಲಿ ಎಲಾಡಿಯೊ ಹೇಳಿಕೊಟ್ಟಿದ್ದ: ತುಂಬಿದ ದೋಣಿಗಿಂತ ಖಾಲಿ ದೋಣಿಗೆ ಹೆದರಬೇಕು. ಸರಕಿದ್ದರೆ ಸರಕೇ ಅದನ್ನು ಹಿಡಿದಿರುತ್ತದೆ. ಇಲ್ಲದಿದ್ದರೆ ತಳದಲ್ಲಿ ಕಲ್ಲಿರಬೇಕು. ಮೇಲಿಂದ ಗಾಳಿ ತಳ್ಳುವಾಗ ಕೆಳಗಿಂದ ಯಾರಾದರೂ ಕಾಲು ಹಿಡಿದುಕೊಳ್ಳಬೇಕಲ್ಲ, ಅಂದಿದ್ದ. ಆಮೇಲೆ ನನ್ನ ಕಾಲು ಹಿಡಿದೆಳೆದಿದ್ದ.

ನೀರು ಇಳಿದ ಮೇಲೆ ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆದು ಆಲ್ಬಾ ಹತ್ತಿದೆ. ಅವನು ಸತ್ತ ಮೇಲೆ ಹತ್ತಿದ್ದು ಅದೇ ಮೊದಲು. ತಳದ ಹಲಗೆ ಎತ್ತಿದೆ. ಕಲ್ಲುಗಳು ಒತ್ತಾಗಿ ಕೂತಿದ್ದವು. ಬೂದು ಬಣ್ಣ, ದುಂಡಗೆ, ನುಣುಪು. ನಮ್ಮ ದಡದ ಕಲ್ಲು ಒದ್ದರೆ ಪುಡಿಯಾಗುತ್ತದೆ. ಇವು ಆಚೆ ದಡದ ಬೆಟ್ಟದ ಹೊಳೆಗಳಿಂದ ಬಂದವು.

ಹೋದ ಶರತ್ಕಾಲದಲ್ಲಿ ಆಲ್ಬಾ ಹೊಸದಾಗಿ ನೀರಿಗಿಳಿದಾಗ ಅದಕ್ಕೆ ಸ್ವಂತ ಕಲ್ಲಿರಲಿಲ್ಲ. ಪೊರ್ಫಿಯಾದಾ ಚಳಿಗಾಲಕ್ಕೆ ದಡ ಸೇರಿತ್ತು. “ಮುದುಕ ಅವನ ಕಲ್ಲು ಕೊಟ್ಟಿದಾನೆ ಕಣೇ. ವಸಂತಕ್ಕೆ ವಾಪಸ್ಸು. ಅಷ್ಟರಲ್ಲಿ ಹೊಳೆಯಿಂದ ನಮ್ಮವು ತರ್ತೀನಿ” ಅಂದಿದ್ದ ಎಲಾಡಿಯೊ. ಈಗ ವಸಂತ. ಮುದುಕರು ದಿನವೂ ಬಂದು ಗಾಳಿಯ ಮಾತಾಡಿ, ಕಲ್ಲು ಕೇಳದೆ ಹೋಗುತ್ತಿದ್ದರು.

ಹಲಗೆಯನ್ನು ಮತ್ತೆ ಮುಚ್ಚಿ ಅದರ ಮೇಲೆ ಕೂತೆ. ಕಲ್ಲು ತೆಗೆದರೆ ಆಲ್ಬಾ ನೀರಿನಲ್ಲಿ ನಿಲ್ಲದು; ಉತ್ತರದ ಮೊದಲ ಬಿರುಗಾಳಿಗೇ ಮಗುಚುತ್ತದೆ. ಎತ್ತು ಕಟ್ಟಿ, ದಿಮ್ಮಿಗಳ ಮೇಲೆ ಉರುಳಿಸಿ ಹುಲ್ಲಿನ ಮೇಲಕ್ಕೆ ಎಳೆದಿಡಬೇಕು. ಅಲ್ಲಿಗೆ ಉಬ್ಬರ ಬರುವುದಿಲ್ಲ. ನೀರು ಮತ್ತೆ ಬಂದು ಬೂಟಿನ ಎತ್ತರ ಮುಟ್ಟುವ ತನಕ ಅಲ್ಲೇ ಇದ್ದೆ. ಆಮೇಲೆ ಇಳಿದು ನಡೆದು ಮುದುಕರ ಮನೆಗೆ ಹೋದೆ.

ಬಾಗಿಲಲ್ಲೇ ಹೇಳಿದೆ. “ಒಂದು ಕೋರಿಕೆ ಇದೆ. ನಾಳೆ ಇಳಿತಕ್ಕೆ ಎತ್ತು ತನ್ನಿ. ನಿಮ್ಮ ಕಲ್ಲು ಇಳಿಸ್ಬೇಕು.”

ಅವರು ನೆಲ ನೋಡಿದರು. “ಏನ್ ಅವಸರ ಮಗಳೇ? ಕಲ್ಲೇನು ಕೊಳೆಯುತ್ತಾ?”

“ಕಟ್ಟಿಗೆ ಕೊಳೆಯುತ್ತೆ.”

“ಅವನು ಹೋಗಿ ಇನ್ನೂ...”

“ಗೊತ್ತು.”

ಒಳಗಿಂದ ಅವರ ಹೆಂಡತಿ ಕೂಗಿದಳು: “ಎತ್ತು ತರ್ತಾನೆ, ಟೀಚರಮ್ಮ. ಒಂದು ವಾರದಿಂದ ನಿದ್ದೇಲೂ ಕಲ್ಲು ಎಣಿಸ್ತಾ ಇದಾನೆ.”

ಮರುದಿನ ಎರಡು ದೋಣಿಗಳೂ ಕೆಸರಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ನಾನು ಆಲ್ಬಾದೊಳಗಿಂದ ಎತ್ತಿಕೊಟ್ಟೆ, ಕ್ಲೊರಿಂದಾ ಕೆಳಗೆ ನಿಂತು ಪಡೆದು ದಾಟಿಸಿದಳು, ಮುದುಕರು ಪೊರ್ಫಿಯಾದಾದಲ್ಲಿ ಜೋಡಿಸಿದರು. ಕ್ಲೊರಿಂದಾ ಸೊಂಟ ಹಿಡಿದುಕೊಂಡು ಗೊಣಗಿದಳು: “ನನ್ನ ತಮ್ಮ ಸಾಲ ಮಾಡೋನು ಹಗುರವಾದದ್ದೇನಾದ್ರೂ ಮಾಡ್ಬಾರ್ದಿತ್ತಾ? ಒಂದು ಸೂಜಿ, ಒಂದು ಜರಡಿ.” ಹೇಳುತ್ತಾ ಅತ್ತಳು; ಕಲ್ಲು ದಾಟಿಸುವುದನ್ನು ನಿಲ್ಲಿಸಲಿಲ್ಲ. ನಾನು ಅಳಲಿಲ್ಲ. ಬೆರಳುಗಳು ತರಚಿ ಉರಿಯುತ್ತಿದ್ದವು. ಆ ಉರಿ ಚೆನ್ನಾಗಿತ್ತು.

ಆಮೇಲೆ ಎತ್ತುಗಳು ಆಲ್ಬಾವನ್ನು ಹುಲ್ಲಿಗೆ ಎಳೆದವು. ಅದು ಸುಲಭವಾಗಿ ಬಂತು.

ಮನೆಗೆ ಬಂದೆ. ಒಲೆ ಆರಿತ್ತು. ಕಿಟಕಿಯಾಚೆ ಕೆಸರಿನಲ್ಲಿ ಆಲ್ಬಾ ಮಲಗುತ್ತಿದ್ದ ಗುರುತು ಇತ್ತು. ನೀರು ಅದರ ಅಂಚಿಗೆ ಬರುತ್ತಿತ್ತು. ಬಾಗಿಲು ಮುಚ್ಚಲು ಹೋದವಳು ಕಾಲಿಗೆ ಸಿಕ್ಕ ಕಲ್ಲನ್ನು ನೋಡಿದೆ. ಬೂದು ಬಣ್ಣ, ದುಂಡಗೆ. ಬಾಗಿಲು ಬಡಿಯುತ್ತದೆಂದು ನಾನು ದೂರಿದ್ದ ದಿನ ಎಲಾಡಿಯೊ ಅದನ್ನು ದೋಣಿಯಿಂದ ತಂದು ಅಲ್ಲಿಟ್ಟಿದ್ದ.

ಎರಡೂ ಕೈಯಲ್ಲಿ ಎತ್ತಿ ಹೊಟ್ಟೆಗೆ ಒತ್ತಿಕೊಂಡು ಕೆಳಗಿಳಿದೆ. ಹಿಂದೆ ಬಾಗಿಲು ಒಮ್ಮೆ ಬಡಿಯಿತು, ಮತ್ತೊಮ್ಮೆ ಬಡಿಯಿತು. ನೀರು ಪೊರ್ಫಿಯಾದಾದ ಸುತ್ತ ಬಂದಾಗಿತ್ತು. ಮೊಣಕಾಲವರೆಗೆ ಇಳಿದು ನಡೆದೆ. ಮುದುಕರು ಹಾಯಿಯ ಹಗ್ಗ ಬಿಟ್ಟು ಬಾಗಿದರು.

“ಅದು ನಿಮ್ಮನೇಲಿ ಇರ್ಲಿ ಬಿಡು ಮಗಳೇ.”

“ನಿಮ್ಮದು.”

ಅವರು ಕೈ ಚಾಚಿದರು. ನಾನು ಎತ್ತಿ ಕೊಟ್ಟೆ.