ಅಜ್ಜಿ ತುಳಿಯುವ ಹುಲ್ಲು

ಹಿತ್ತಲಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಲು ಬಂದ ಭರಮು ಸಲಿಕೆ ಎತ್ತಿದ್ದ. ಜಿನಮತಿ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿದಳು.

"ಏ ತಮ್ಮಾ, ನಿಂದರು. ನೆಲಾ ಅಗಿಯಾಂವೇನ?"

"ಹೌದ್ರಿ ಆಯಿ. ಇದು ಎರಿ ಮಣ್ಣ. ಒಂದ ಫೂಟ ತಗದ ಮುರುಮ, ಗಟ್ಟಿ ಕಲ್ಲಮಣ್ಣ, ತುಂಬಬೇಕ್ರಿ. ಇಲ್ಲಾಂದ್ರ ಮಳಿ ಬಿದ್ದ ಕೂಡ್ಲೆ ಉಬ್ಬತೈತಿ."

"ನಿನ್ನೆ ಚಾತುರ್ಮಾಸ ಸುರು ಆಗೇತಿ. ಇನ್ನ ನಾಕ ತಿಂಗಳ ಈ ಮನ್ಯಾಗ ಯಾರೂ ಅಗಿಯೂದಿಲ್ಲ. ಮಣ್ಣಾಗ ಎಷ್ಟ ಜೀವ ಇರ್ತಾವ, ಎಣಿಸೀಯೇನ?"

ಭರಮು ಎಣಿಸಿರಲಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ. "ಕಬ್ಬಿನ ಹೊಲದಾಗ ನಿಮ್ಮ ಟ್ರ್ಯಾಕ್ಟರ್ ನಡದೈತೆಲ್ರಿ?"

"ಅದು ಹೊಟ್ಟಿಗೆ. ಇದು ಶೋಕಿಗೆ."

ಭರಮು ಸಲಿಕೆಯನ್ನು ಗೋಡೆಗೆ ಒರಗಿಸಿದ. ಆ ವರ್ಷ ಮಳೆ ತಡವಾಗಿತ್ತು. ನೆಲ ಬಿರುಕು ಬಿಟ್ಟು ಕಲ್ಲಿನಂತಿತ್ತು. ಬಿರುಕುಗಳಿಗೆ ಮರಳು ತುಂಬಿ, ರೋಲರ್ ಓಡಿಸಿ, ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲನ್ನು ಹಾಸಿದ. ತಪ್ಪು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಏಕಸಂಬಿಯಲ್ಲಿ ಹುಟ್ಟಿದವನಿಗೆ ಎರೆ ಮಣ್ಣಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಲ್ಲು ಹಾಸಿದ್ದೂ ಅಜ್ಜಿಗಾಗಿಯೇ. ಅವಳ ಮಗ ಕಾಕಾಸಾಹೇಬ ಊರ ಹೊರಗೆ ಮನೆ ಕಟ್ಟಿ, ಈಜುವ ಮಗಳು ಮನಿಷಾಳಿಗೆಂದು ಹಿತ್ತಲಲ್ಲಿ ಕೊಳವನ್ನೂ ಕಟ್ಟಿಸಿದ್ದ. ಕೊಳದ ಬಗ್ಗೆ ಅಜ್ಜಿಯ ತಕರಾರಿರಲಿಲ್ಲ. ಸೋಸದ ನೀರನ್ನು ಜೈನರು ಬಳಸುವುದಿಲ್ಲ; ಕೊಳದ ನೀರನ್ನು ಮಷೀನು ದಿನವಿಡೀ ಸೋಸುತ್ತದೆಂದು ಮೊಮ್ಮಗಳು ಅವಳನ್ನು ಒಪ್ಪಿಸಿದ್ದಳು. ತೊಡಕಿದ್ದದ್ದು ಸುತ್ತಲಿನ ನೆಲದಲ್ಲಿ. ಅಜ್ಜಿಗೆ ಹಸಿರು ಹುಲ್ಲನ್ನು ತುಳಿಯುವುದಿಲ್ಲವೆಂಬ ನೇಮ. ಮನಿಷಾ ಕಲಿಯುವುದು ಬೆಳಗಾವಿಯಲ್ಲಿ, ಬೇಸಿಗೆಯಿಡೀ ಕ್ಯಾಂಪು. ಊರಿಗೆ ಬರುವುದು ಭಾದ್ರಪದದ ದಶಲಕ್ಷಣ ಪರ್ವಕ್ಕೆ. ಆಗ ಕೊಳದ ಸುತ್ತ ಹುಲ್ಲು ಮೊಣಕಾಲೆತ್ತರ. ನಾಲ್ಕು ವರ್ಷಗಳಿಂದ ಅಜ್ಜಿ ಕಟ್ಟೆಯ ಮೇಲೆ ಕೂತು ನೀರಿನ ಸಪ್ಪಳ ಮಾತ್ರ ಕೇಳಿದ್ದಳು. ಮೊಮ್ಮಗಳ ಪದಕಗಳನ್ನು ಮುಟ್ಟಿ ನೋಡಿದ್ದಳು, ಈಜನ್ನು ನೋಡಿರಲಿಲ್ಲ.

ಪರ್ವ ಮುಗಿದ ಮರುದಿನ ಭರಮುವಿಗೆ ಕಾಕಾಸಾಹೇಬನ ಫೋನು ಬಂತು. "ಇದ್ದಲ್ಲಿಂದ ಬಾ" ಎಂದಷ್ಟೇ ಹೇಳಿ ಇಟ್ಟ.

ಭರಮು ಬಂದು ನೋಡಿದ. ಹುಲ್ಲಿನ ಕೆಳಗೆ ಎಮ್ಮೆ ಮಲಗಿದಂತೆ ನೆಲ ಅಲ್ಲಲ್ಲಿ ಉಬ್ಬಿತ್ತು. ಜೋಡಿಸಿದ ಅಂಚುಗಳು ಬಿಟ್ಟಿದ್ದವು. ಅಜ್ಜಿ ಕಟ್ಟೆಯಿಂದಿಳಿದು ಹುಲ್ಲಿನ ಅಂಚಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಟವೆಲ್ ಹೊದ್ದ ಮನಿಷಾ.

"ಉಬ್ಬಿದ್ರ ಉಬ್ಬಲಿ, ದಾಟತೇನಿ" ಎಂದಳು ಅಜ್ಜಿ. "ಆದ್ರ ಇದನ್ನ ನೋಡ." ಕೋಲಿನ ತುದಿಯಿಂದ ತೋರಿಸಿದಳು. ಪ್ಲಾಸ್ಟಿಕ್ ಎಳೆಗಳ ನಡುವೆ ಸೂಜಿಯಂಥ ಒಂದು ಎಲೆ. "ಇದಕ್ಕ ಜೀವ ಐತಿ."

ಜೇಕು ಎಂಬ ಕಳೆಹುಲ್ಲು. ಬಟ್ಟೆಯನ್ನೂ ಪ್ಲಾಸ್ಟಿಕ್ಕನ್ನೂ ತೂತು ಮಾಡಿ ಮೇಲೆ ಬಂದಿತ್ತು. ಅಲ್ಲೊಂದು, ಇಲ್ಲೊಂದಲ್ಲ, ಕೊಳದ ತನಕ. ದೂರದಿಂದ ನಿಜ ಯಾವುದು, ಸುಳ್ಳು ಯಾವುದು ತಿಳಿಯುತ್ತಿರಲಿಲ್ಲ.

"ಹೆಂತಾ ಕೆಲಸ ಮಾಡೀಲೇ ಭರಮ್ಯಾ!" ಕಾಕಾಸಾಹೇಬ ರೇಗಿದ. "ಎರಿ ಮಣ್ಣಿನ ಮ್ಯಾಲ ಹಂಗ ಹಾಸಿ ಹೋಗೀಯಲ್ಲ. ಬುದ್ಧಿ ಐತೇನ ನಿನಗ?"

ಭರಮು ತಲೆ ತಗ್ಗಿಸಿದ.

"ಅವನ್ನ ಯಾಕ ಬೈತೀ?" ಅಜ್ಜಿಯೇ ಅಂದಳು. "ಅಗಿಯಾಕ ಸಲಿಕಿ ಎತ್ತಿದ್ದ. ಬ್ಯಾಡ ಅಂದಾಕಿ ನಾನು."

ಕಾಕಾಸಾಹೇಬ ತಾಯಿಯನ್ನೂ ಭರಮುವನ್ನೂ ನೋಡಿದ. "ಹೋಗ್ಲಿ, ಔಷಧ ಹೊಡದ್ರ..." ಎಂದು ಶುರು ಮಾಡಿ, ಅಜ್ಜಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

"ಇರ್ಲಿ ಬಿಡ ಅಜ್ಜಿ" ಎಂದಳು ಮನಿಷಾ. "ನಾ ಸೋಮವಾರ ಹೊಂಟೆ. ಮುಂದಿನ ವರ್ಷ ನೋಡೀಯಂತ."

"ನನಗ ಎಪ್ಪತ್ತೊಂಬತ್ತ ಆಗ್ಯಾವ. ಮುಂದಿನ ವರ್ಷ ಅಂತ ಯಾರಿಗೆ ಹೇಳ್ತೀ?"

ಮನಿಷಾ ಟವೆಲ್ಲಿನ ಅಂಚನ್ನು ತಿರುವುತ್ತ ನಿಂತಳು. ಭರಮು ಒಬ್ಬನೇ ಕೊಳವನ್ನು ಸುತ್ತಿ ಪಂಪಿನ ಕೋಣೆಯ ಕಡೆ ಹೋದ. ಬಗ್ಗಿ, ಕೂತು, ಹುಲ್ಲಿನಲ್ಲಿ ಬೆರಳಾಡಿಸಿದ. ಅಲ್ಲಿ ಉಬ್ಬಿರಲಿಲ್ಲ. ಕೊಳ ಕಟ್ಟುವಾಗ ಮುರುಮಿನ ರಾಶಿ ಹಾಕಿದ್ದ ಜಾಗ ಅದು. ರಾಶಿಯ ತಳ ಅಲ್ಲೇ ಉಳಿದು ಗಟ್ಟಿಯಾಗಿತ್ತು. ಓಡುತ್ತಲೇ ಬಂದ.

"ಆಯಿ, ಪಂಪಿನ ಬಾಜೂಕ ನೀರಿನ ತನಕಾ ಹತ್ತ ಹೆಜ್ಜಿ ಸ್ವಚ್ಛ ಐತ್ರಿ. ಒಂದೂ ಹುಟ್ಟಿಲ್ಲ. ಆದ್ರ ಗ್ವಾದಲಿ ಹಿಂದಿಂದ ಟ್ರ್ಯಾಕ್ಟರ್ ದಾರಿ ಹಿಡದ ಸುತ್ತ ಹಾಕಿ ಬರಬೇಕ್ರಿ."

ಟ್ರ್ಯಾಕ್ಟರ್ ದಾರಿಯಲ್ಲಿ ಹುಲ್ಲು ಹುಟ್ಟುವುದಿಲ್ಲ, ಸರಿ. ಆದರೆ ಮೊಣಕಾಲು ನೋವಿನ ಅಜ್ಜಿ ದನಗಳಿಗೆ ಮೇವು ಹಾಕುವ ಗ್ವಾದಲಿಯ ತನಕ ಹೋಗಿಯೇ ಎರಡು ವರ್ಷವಾಗಿತ್ತು.

"ಎತ್ತಕೊಂಡ ಹೋಗ್ತೇವ ನಡಿ ಅವ್ವಾ" ಎಂದ ಕಾಕಾಸಾಹೇಬ.

"ನಾ ಏನ ಕಬ್ಬಿನ ಹೊರಿ ಏನ? ಸರಿ ಆಕಡೆ, ನಾನ ನಡೀತೇನಿ."

ಹೊರಟರು. ಗ್ವಾದಲಿಯ ಹತ್ತಿರ ಒಮ್ಮೆ ಕುಳಿತಳು. ತಿರುವಿನಲ್ಲಿ ಇನ್ನೊಮ್ಮೆ, ಈ ಸಲ ಬಕೆಟ್ ಬೋರಲು ಹಾಕಿಸಿಕೊಂಡು. ಅರ್ಧ ತಾಸು ಹಿಡಿಯಿತು. ಪಂಪಿನ ಕೋಣೆ ದಾಟಿದ ಮೇಲೆ ಭರಮು ಮೊಣಕಾಲೂರಿ ಮುಂದೆ ಮುಂದೆ ಸರಿಯುತ್ತ, ಹೇನು ನೋಡುವಂತೆ ಹುಲ್ಲನ್ನು ಬಿಡಿಸಿ ಬಿಡಿಸಿ ನೋಡಿದ. ಅವನು "ಹಾಂ, ಬರ್ರಿ" ಅಂದಾಗ ಅಜ್ಜಿ ಒಂದು ಹೆಜ್ಜೆ ಇಟ್ಟಳು.

ಏಳನೇ ಹೆಜ್ಜೆಗೆ ಅವನ ಕೈ ನಿಂತಿತು. "ತಡೀರಿ. ಇಲ್ಲೊಂದ ಐತಿ."

"ಒಂದೂ ಇಲ್ಲಂದಿ?"

"ಕಣ್ಣ ತಪ್ಪೇತ್ರಿ."

ಜೇಬಿನಿಂದ ಅಳತೆಯ ಟೇಪನ್ನು ತೆಗೆದು ಆ ಎಲೆಯ ಪಕ್ಕದಲ್ಲಿ ಗುರುತಿಗೆ ಇಟ್ಟ. ಅಜ್ಜಿ ಸೀರೆಯ ನಿರಿಗೆಯನ್ನು ಎತ್ತಿ ಹಿಡಿದು, ಅದನ್ನು ಬಳಸಿ ದಾಟಿದಳು. ಕೊಳದ ಅಂಚಿನ ಫರ್ಸಿ ಕಲ್ಲಿನ ಮೇಲೆ ಕಾಕಾಸಾಹೇಬ ಮೊದಲೇ ಇಟ್ಟಿದ್ದ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳತೊಡಗಿದಳು. ಮನಿಷಾ ಅಷ್ಟರಲ್ಲೇ ನೀರಿಗೆ ಧುಮುಕಿದ್ದಳು. ಆ ತುದಿ ಮುಟ್ಟಿ, ತಿರುಗಿ, ಅಜ್ಜಿಯ ಕಾಲ ಬುಡದಲ್ಲಿ ತಲೆ ಎತ್ತಿದಳು. ಏದುಸಿರು ಬಿಡುತ್ತ ಕೇಳಿದಳು:

"ಹೆಂಗಾತ?"

"ನಾ ಮಾರಿ ಒರಸೂದ್ರಾಗ ಮುಗಿಸಿಬಿಟ್ಟೀಯಲ್ಲ. ಇಷ್ಟ ದೂರ ನಡಕೋಂತ ಬಂದೇನಿ. ಮತ್ತೊಮ್ಮಿ ಹೋಗ. ಸಾವಕಾಶ ಹೋಗ."

ಮನಿಷಾ ಜೀವನದಲ್ಲಿ ಮೊದಲ ಬಾರಿಗೆ ನಿಧಾನವಾಗಿ ಈಜಿದಳು. ಮತ್ತೊಮ್ಮೆ, ಮತ್ತೂ ಒಮ್ಮೆ. ಅಜ್ಜಿ ಎರಡೂ ಕೈಗಳನ್ನು ಕೋಲಿನ ಮೇಲಿಟ್ಟು, ಮೊಮ್ಮಗಳು ಹೋದತ್ತ ಮುಖ ತಿರುಗಿಸುತ್ತ ಕೂತಳು.

"ಚಾತುರ್ಮಾಸ ಮುಗದ ಮ್ಯಾಲ ಬರ್ತೇನ್ರಿ ಅಣ್ಣಾರ" ಎಂದ ಭರಮು. "ಎಲ್ಲಾ ಕಿತ್ತ, ಅಗದ, ಮುರುಮ ತುಂಬಿ ಹೊಸದಾಗಿ ಹಾಸ್ತೇನಿ."

ಕಾಕಾಸಾಹೇಬ ತಲೆಯಾಡಿಸಿದ. ಭರಮು ಹೊರಡಲೆಂದು ಟೇಪಿನತ್ತ ಕೈ ಚಾಚಿದ.

"ಏ, ಅದನ್ನ ಯಾಕ ತಗೀತಿ?" ಅಜ್ಜಿ ನೀರಿನಿಂದ ಕಣ್ಣು ತೆಗೆಯದೆ ಅಂದಳು. "ಅಲ್ಲೇ ಇರ್ಲಿ. ನಾ ತಿರಗಿ ಹೋಗೂದ ಐತಿ."